ಪಟ್ಟಿಯಲ್ಲಿದ್ದ ಲಿಂಕುಗಳನ್ನು ಒಂದೊಂದಾಗಿ ತೆರೆದ ದಿನ

ಶಾಲೆಯೊಂದರಲ್ಲಿ ಗಣಿತಕ್ಕೆ ಇಬ್ಬರು ಮೂವರು ಶಿಕ್ಷಕರಿರಬಹುದು, ಭಾಷೆಗಳಿಗೂ ಹಾಗೆಯೇ. ಗ್ರಂಥಾಲಯಕ್ಕೆ ಮಾತ್ರ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಪುಸ್ತಕದ ವರ್ಗೀಕರಣದಲ್ಲಿ ಸಂದೇಹ ಬಂದಾಗ ಅಥವಾ ಮಕ್ಕಳಿಗೆ ಯಾವ ಜಾಲತಾಣವನ್ನು ಸೂಚಿಸಬಹುದೆಂಬ ಪ್ರಶ್ನೆ ಎದ್ದಾಗ ಪಕ್ಕದ ಕೊಠಡಿಗೆ ಹೋಗಿ ಕೇಳೋಣವೆಂದರೆ, ಅದೇ ಕೆಲಸ ಮಾಡುವವರು ಅಲ್ಲಿ ಯಾರೂ ಇರುವುದಿಲ್ಲ. ಶಿಕ್ಷಕರಿಗಾಗಿ ಏರ್ಪಡಿಸುವ ತರಬೇತಿಗಳಲ್ಲಿ ಕುಳಿತರೂ ಅಲ್ಲಿನ ಉದಾಹರಣೆಗಳೆಲ್ಲ ಪಾಠಕ್ಕೆ ಮತ್ತು ಪರೀಕ್ಷೆಗೆ ಸಂಬಂಧಿಸಿದವು. ಆದ್ದರಿಂದ ಶಾಲಾ ಗ್ರಂಥಪಾಲಕರಿಗೆಂದೇ ರೂಪಿಸಿದ, ವೆಬ್ ಸಾಧನಗಳ ಬಳಕೆಯನ್ನು ಕಲಿಸುವ ಆನ್‌ಲೈನ್ ತರಬೇತಿಯೊಂದಕ್ಕೆ ನಾನು ಬಹಳ ಆಸೆಯಿಂದ ಸೇರಿಕೊಂಡೆ. ಅದರ ಹಲವು ತರಗತಿಗಳಲ್ಲಿ ಒಂದರ ಬಗ್ಗೆ ವಿವರವಾಗಿ ಬರೆಯಬೇಕೆನಿಸಿದೆ, ಏಕೆಂದರೆ ಇಂಥ ತರಬೇತಿಯಿಂದ ಏನನ್ನು ನಿರೀಕ್ಷಿಸಬೇಕೆಂಬ ನನ್ನ ಅಭಿಪ್ರಾಯ ರೂಪುಗೊಂಡದ್ದು ಆ ದಿನವೇ.

ಗ್ರಂಥಾಲಯದ ಸಿಬ್ಬಂದಿಗೆ ವೆಬ್ ಕಲಿಸುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಷಾರ್ಲೆಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೀನ್ ಬ್ಲೋವರ್ಸ್ ಅವರು 2006ರಲ್ಲಿ ‘23 ಥಿಂಗ್ಸ್’ ಎಂದು ಹೆಸರಾದ ಕಾರ್ಯಕ್ರಮವನ್ನು ಆರಂಭಿಸಿದರು. ಬ್ಲಾಗ್, ಹಲವರು ಸೇರಿ ಬರೆಯುವ ವಿಕಿ, ತಾಣಗಳ ಹೊಸ ಬರಹಗಳನ್ನು ಒಂದೆಡೆ ತರಿಸಿಕೊಳ್ಳುವ ಆರ್‌ಎಸ್‌ಎಸ್ ಫೀಡ್ ಮುಂತಾದವುಗಳ 23 ಸಣ್ಣ ಕೆಲಸಗಳನ್ನು ಸಿಬ್ಬಂದಿ ತಮ್ಮ ಅನುಕೂಲದ ಹೊತ್ತಿನಲ್ಲಿ ತಾವೇ ಮಾಡಿ ನೋಡಿ, ಅನುಭವವನ್ನು ಬರೆದಿಡಬೇಕಾಗಿತ್ತು. ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಅನೇಕ ದೇಶಗಳ ಗ್ರಂಥಾಲಯಗಳು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡವು. ನಮ್ಮ ತರಬೇತಿಯೂ ಅದೇ ಕ್ರಮವನ್ನು ಅನುಸರಿಸಿತ್ತು: ಉಪನ್ಯಾಸ ಕಡಿಮೆ, ಕೈಯಾರೆ ಮಾಡುವುದು ಹೆಚ್ಚು.

ಆ ದಿನದ ತರಗತಿ ಶಾಲೆ ಬಿಟ್ಟ ಮೇಲೆ ಆರಂಭವಾಯಿತು. ತರಬೇತಿ ಕೊಡುತ್ತಿದ್ದವರೂ ಶಾಲಾ ಗ್ರಂಥಪಾಲಕಿಯೇ. ವಿದ್ಯಾರ್ಥಿಗಳಿಗೆ ನಾವು ಸೂಚಿಸುವ ಜಾಲತಾಣಗಳ ಪಟ್ಟಿಯನ್ನು ಪ್ರತಿಯೊಬ್ಬರೂ ತರಬೇಕೆಂದು ಅವರು ಮೊದಲೇ ತಿಳಿಸಿದ್ದರು. ಹೊಸ ಸಾಧನವೊಂದರ ಪ್ರದರ್ಶನವಿರಬಹುದೆಂದು ನಾವು ಕಾಯುತ್ತಿದ್ದರೆ, ಅವರು ಎಲ್ಲರೂ ಒಟ್ಟಿಗೆ ತುಂಬಬಹುದಾದ ಸ್ಪ್ರೆಡ್‌ಶೀಟ್ ಒಂದನ್ನು ತೆರೆದು, “ನಿಮ್ಮ ಪಟ್ಟಿಯನ್ನು ಇದಕ್ಕೆ ಸೇರಿಸಿ, ಪ್ರತಿ ಲಿಂಕನ್ನೂ ಈಗಲೇ ತೆರೆದು ಏನು ಕಾಣಿಸಿತೆಂದು ಬರೆಯಿರಿ” ಎಂದಷ್ಟೇ ಹೇಳಿದರು.

ಮುಂದಿನ ಅರ್ಧ ಗಂಟೆ ಬಹುತೇಕ ಮೌನವಾಗಿಯೇ ಕಳೆಯಿತು. ಬೇರೆ ಬೇರೆ ಊರುಗಳಲ್ಲಿ ಕುಳಿತ ಗ್ರಂಥಪಾಲಕರು ಬರೆಯುತ್ತಿದ್ದ ಸಾಲುಗಳು ಒಂದೇ ಹಾಳೆಯಲ್ಲಿ ತುಂಬಿಕೊಳ್ಳುತ್ತಿದ್ದವು. ಕೆಲವು ಪುಟಗಳ ಜಾಗದಲ್ಲಿ ‘404’, ಅಂದರೆ ಪುಟ ಸಿಗಲಿಲ್ಲ ಎಂಬ ಸಂದೇಶವಿತ್ತು. ಕೆಲವು ತಾಣಗಳು ಹೊಸ ವಿನ್ಯಾಸಕ್ಕೆ ಬದಲಾಗಿ ಹಳೆಯ ವಿಳಾಸಗಳನ್ನು ಕೈಬಿಟ್ಟಿದ್ದವು. ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯ ಬಗೆ. ತಾಣದ ವಿಳಾಸವಾದ ಡೊಮೇನ್ ಹೆಸರಿನ ನೋಂದಣಿಯನ್ನು ಯಾರೂ ನವೀಕರಿಸದೆ ಹೋದರೆ ಅದನ್ನು ಬೇರೆಯವರು ಕೊಳ್ಳಬಹುದು. ಮಕ್ಕಳ ವಿಜ್ಞಾನದ ತಾಣವೆಂದು ಒಬ್ಬರು ಪಟ್ಟಿ ಮಾಡಿದ್ದ ವಿಳಾಸದಲ್ಲಿ ಈಗ ಬರೀ ಜಾಹೀರಾತುಗಳಿದ್ದವು. ಕಪಾಟಿನಲ್ಲಿಟ್ಟ ಪುಸ್ತಕದ ಒಳಪುಟಗಳು ತಾವಾಗಿಯೇ ಬದಲಾಗುವುದಿಲ್ಲ. ಲಿಂಕಿನ ವಿಷಯದಲ್ಲಿ ಆ ಭರವಸೆಯಿಲ್ಲ, ಆದರೆ ಗ್ರಂಥಾಲಯದ ಶಿಫಾರಸು ಎಂದು ಮಗು ಎರಡನ್ನೂ ಒಂದೇ ನಂಬಿಕೆಯಿಂದ ತೆರೆಯುತ್ತದೆ.

ಇಷ್ಟಾದ ಮೇಲೆಯೇ ಅವರು ಸಾಧನದ ಹೆಸರು ಹೇಳಿದ್ದು. 1996ರಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2001ರಲ್ಲಿ ಸಾರ್ವಜನಿಕರಿಗೆ ತೆರೆದ, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ತೆರೆಯದ ವಿಳಾಸಗಳನ್ನು ಹಾಕಿ ನೋಡಲು ತಿಳಿಸಿದರು. ಕಳೆದುಹೋಯಿತೆಂದುಕೊಂಡಿದ್ದ ಹಲವು ಪುಟಗಳು ದಿನಾಂಕ ಸಹಿತ ಕಾಣಿಸಿಕೊಂಡವು. ಈಗ ಚೆನ್ನಾಗಿರುವ ಪುಟವನ್ನು ಅಲ್ಲಿಯೇ ಉಳಿಸಿಡುವ ಸೌಲಭ್ಯವಿರುವುದನ್ನೂ ತೋರಿಸಿದರು. ಅಗತ್ಯವೇನೆಂದು ಸ್ವತಃ ಕಂಡುಕೊಂಡ ಮೇಲೆ ಪರಿಚಯವಾದ ಸಾಧನವನ್ನು ಮತ್ತೆ ಮರೆಯಲಾಗದು. ಒಂದು ಗಂಟೆಯಲ್ಲಿ ಇಪ್ಪತ್ತು ಸಾಧನಗಳ ಹೆಸರು ಹೇಳಿ, ಕೊನೆಗೆ ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿಗಳನ್ನು ಏರ್ಪಡಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕೆಂಬುದು ನನ್ನ ಪ್ರಾಮಾಣಿಕ ಕೋರಿಕೆ.

ಬಳಿಕ ಪಟ್ಟಿಗೆ ಹೊಸ ಕಾಲಂಗಳು ಸೇರಿದವು: ತಾಣವನ್ನು ನಡೆಸುತ್ತಿರುವವರು ಯಾರು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಯಾವುದು, ವಿದ್ಯಾರ್ಥಿ ಖಾತೆ ತೆರೆಯಬೇಕೇ. ಖಾತೆಯ ಬಗ್ಗೆ ದೀರ್ಘ ಚರ್ಚೆಯೇ ನಡೆಯಿತು. ಅನೇಕ ಸೇವೆಗಳ ನಿಯಮಗಳಲ್ಲಿ 13 ವರ್ಷದ ಮಿತಿ ಕಾಣುವುದಕ್ಕೆ ಮುಖ್ಯ ಕಾರಣ ಅಮೆರಿಕದಲ್ಲಿ 1998ರಲ್ಲಿ ಬಂದ ಕಾನೂನು. ಅದಕ್ಕಿಂತ ಚಿಕ್ಕ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಸಂಗ್ರಹಿಸುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕೆಂದು ಅದು ವಿಧಿಸುತ್ತದೆ. ಒಂದು ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯಲು ಐದನೆಯ ತರಗತಿಯ ಮಗುವಿನಿಂದ ಇಮೇಲ್ ವಿಳಾಸ ಮತ್ತು ಹುಟ್ಟಿದ ದಿನಾಂಕ ಕೇಳುವ ಸಾಧನ ಎಷ್ಟೇ ಅಂದವಾಗಿದ್ದರೂ ಶಾಲಾ ಗ್ರಂಥಾಲಯಕ್ಕೆ ತಕ್ಕದ್ದಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ. ಅಂದು ಅದನ್ನೇ ಹೇಳಿದೆ.

ಸೇವೆಗಳು ನಿಂತುಹೋಗುವ ಸಂಗತಿಯನ್ನು ಹೆಚ್ಚು ಬೆಳೆಸಬೇಕಾಗಿ ಬರಲಿಲ್ಲ. ಆರ್‌ಎಸ್‌ಎಸ್ ಫೀಡ್‌ಗಳನ್ನು ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ್ದನ್ನು ಹಿರಿಯ ಸದಸ್ಯರು ನೆನಪಿಸಿದರು. ಮೂಲ ಪಟ್ಟಿ ನಮ್ಮ ಬಳಿಯ ಸ್ಪ್ರೆಡ್‌ಶೀಟಿನಲ್ಲಿಯೇ ಇರಬೇಕು, ಮಿಕ್ಕ ಸಾಧನಗಳು ಅದನ್ನು ಪ್ರದರ್ಶಿಸುವುದಕ್ಕೆ ಮಾತ್ರ ಎಂಬ ಒಮ್ಮತಕ್ಕೆ ಬಂದೆವು.

ತರಗತಿಯ ಕೊನೆಯ ಭಾಗ ತಾಣಗಳ ವಿಶ್ವಾಸಾರ್ಹತೆಯನ್ನು ಕುರಿತದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಮತ್ತು 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಪರೀಕ್ಷಿಸಿದ್ದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಹೆಚ್ಚಾಗಿ ಆ ಪುಟದೊಳಗೇ ಮೇಲಿನಿಂದ ಕೆಳಗೆ ಓದುತ್ತ ಉಳಿದರೆ, ಸತ್ಯಶೋಧಕರು ಬೇಗನೆ ಪುಟವನ್ನು ಬಿಟ್ಟು, ಹೊಸ ಟ್ಯಾಬುಗಳಲ್ಲಿ ಆ ತಾಣದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿದರು. ಕಡಿಮೆ ಸಮಯದಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಪುಟದ ವಿನ್ಯಾಸ, ದಿನಾಂಕ, ಲೇಖಕರ ಹೆಸರು ಎಂಬ ಪರಿಶೀಲನಾ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುವುದು ನಮ್ಮಲ್ಲಿ ಅನೇಕರ ರೂಢಿಯಾಗಿದ್ದುದರಿಂದ ಈ ಫಲಿತಾಂಶ ನೇರವಾಗಿ ನಮ್ಮ ಕೆಲಸವನ್ನೇ ಮುಟ್ಟುವಂತಿತ್ತು.

ಅದೇ ವಾರ ಎಂಟನೆಯ ತರಗತಿಯ ಗ್ರಂಥಾಲಯ ಅವಧಿಯಲ್ಲಿ ನಾನು ಪಟ್ಟಿಯ ಒಂದು ಭಾಗವನ್ನು ಮಕ್ಕಳಿಗೇ ಕೊಟ್ಟು, ತಾಣದಿಂದ ಹೊರಬಂದು ಅದರ ಬಗ್ಗೆ ವಿಚಾರಿಸುವಂತೆ ಹೇಳಿದೆ. ಇಬ್ಬಿಬ್ಬರು ಒಂದು ಕಂಪ್ಯೂಟರಿನ ಮುಂದೆ ಕುಳಿತು ಉತ್ಸಾಹದಿಂದ ಹುಡುಕಿದರು. ಅವರಲ್ಲೊಬ್ಬಳು ಎದ್ದು ಬಂದು, “ಮೇಡಂ, ಈ ತಾಣದ ಬಗ್ಗೆ ಅದೇ ಹೇಳಿಕೊಂಡದ್ದನ್ನು ಬಿಟ್ಟರೆ ಬೇರೆ ಎಲ್ಲಿಯೂ ಏನೂ ಸಿಗುತ್ತಿಲ್ಲ. ಆದರೆ ಇದರಲ್ಲಿರುವ ಮಾಹಿತಿ ಪಠ್ಯಪುಸ್ತಕದ ಮಾಹಿತಿಗೆ ಸರಿಹೊಂದುತ್ತದೆ. ಇದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳೋಣವೇ?” ಎಂದು ಕೇಳಿದಳು.

ಅವಳ ಪ್ರಶ್ನೆಯನ್ನು ನಾನು ಮುಂದಿನ ತರಗತಿಯಲ್ಲಿ ಎಲ್ಲರ ಮುಂದಿಟ್ಟೆ. ತೆಗೆದುಹಾಕಬೇಕೆಂದವರೂ ಇದ್ದರು, ಸಣ್ಣ ತಂಡಗಳು ಶ್ರದ್ಧೆಯಿಂದ ನಡೆಸುವ ಒಳ್ಳೆಯ ತಾಣಗಳ ಬಗ್ಗೆ ಹೊರಗೆ ಏನೂ ಸಿಗದಿರುವುದು ಸಹಜವೆಂದು ವಾದಿಸಿದವರೂ ಇದ್ದರು. ಕೊನೆಗೆ ಅಂಥವನ್ನು ಇಟ್ಟುಕೊಳ್ಳಬಹುದು, ಆದರೆ ಆ ವಿಷಯ ಬಲ್ಲ ಶಿಕ್ಷಕರೊಬ್ಬರು ಓದಿ ಒಪ್ಪಿದ ನಂತರ ಮಾತ್ರ, ಮತ್ತು ಒಪ್ಪಿದವರ ಹೆಸರು ಪಟ್ಟಿಯಲ್ಲಿ ಕಾಣುವಂತಿರಬೇಕು ಎಂದು ತೀರ್ಮಾನಿಸಿ ಅದಕ್ಕಾಗಿ ಇನ್ನೊಂದು ಕಾಲಂ ಸೇರಿಸಿದೆವು. ಆ ತಾಣವನ್ನು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಓದಲು ಕೊಟ್ಟಿದ್ದೇನೆ. ಅವರ ಅಭಿಪ್ರಾಯ ಬರುವವರೆಗೆ ಅದು ಮಕ್ಕಳ ಪಟ್ಟಿಯಲ್ಲಿ ಇರುವುದಿಲ್ಲವೆಂದು ಪ್ರಶ್ನೆ ಕೇಳಿದ ಹುಡುಗಿಗೂ ತಿಳಿಸಿದ್ದೇನೆ.