ರೆಡ್ಡಿ ಮೇಷ್ಟ್ರು ಮತ್ತು ಪುರದ ಸಗಣಿ ಲೆಕ್ಕ

ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ (ವಿದ್ಯುತ್ತು ಮತ್ತು ರಾಸಾಯನಿಕ ಕ್ರಿಯೆಗಳ ನಂಟಿನ ಶಾಸ್ತ್ರ) ಆಗಲೇ ದೊಡ್ಡ ಹೆಸರು. ಅದೇ ಕ್ಷೇತ್ರದ ವಿಜ್ಞಾನಿ ಬಾಕ್ರಿಸ್ ಅವರೊಡನೆ ಬರೆದ ಪಠ್ಯಪುಸ್ತಕ 1970ರಲ್ಲಿ ಹೊರಬಂದಿತ್ತು. ಆ ಹೆಸರಿಗೆ ಕಟ್ಟುಬೀಳದೆ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೊರಟರು. ಯಾವುದೇ ಸಾಧನದ ನಕ್ಷೆ ಬರೆಯುವ ಮೊದಲು ಊರಲ್ಲಿ ಯಾರು ಎಷ್ಟು ದುಡಿಯುತ್ತಾರೆ ಎಂದು ಅಳೆಯಿರಿ: ಅವರು ಕಲಿಸಿದ್ದು ಇದನ್ನೇ.

ಆ ತಾಲ್ಲೂಕಿನ ಪುರ ಗ್ರಾಮದಲ್ಲಿ ಅಳೆದಾಗ ಊರು ಬಳಸುವ ಶಕ್ತಿಯಲ್ಲಿ ಸೌದೆಯ ಪಾಲು ಸುಮಾರು ಶೇ. 89, ವಿದ್ಯುತ್ತಿನದು ಶೇ. 1ರಷ್ಟು. ಮನುಷ್ಯರ ದುಡಿಮೆಯಲ್ಲಿ ಹೆಂಗಸರದು ಶೇ. 53, ಗಂಡಸರದು 31, ಮಕ್ಕಳದು 16. ಈ ಲೆಕ್ಕ ಕಂಡ ಮೇಲೆ ಒಲೆಯನ್ನು ಸಣ್ಣ ವಿಷಯ ಎನ್ನುವುದು ಹೇಗೆ? ಅಸ್ತ್ರ ಒಲೆ ಹುಟ್ಟಿದ್ದು ಈ ಕಾಳಜಿಯಿಂದ: ಮಣ್ಣಿನ ಮೈ, ಸಾಲಾಗಿ ಮೂರು ಪಾತ್ರೆ, ಮುಚ್ಚಿದ ಉರಿಗೂಡು, ಕೆಳಗೆ ಜರಡಿ, ಕೊನೆಗೆ ಹೊಗೆಕೊಳವೆ. ಪಾತ್ರೆ ಕಂಡಿಗೆ ಸರಿಯಾಗಿ ಕೂರದಿದ್ದರೆ ಸಂದಿಯಿಂದ ತಣ್ಣನೆ ಗಾಳಿ ನುಗ್ಗಿ ಉರಿಯ ಎಳೆತ ಕುಗ್ಗುತ್ತದೆ. ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆಯೆಲ್ಲ ಅಡುಗೆಮನೆಗೇ ವಾಪಸು.

ಗೋಬರ್ ಗ್ಯಾಸ್‌ನ ಕಥೆಯೇ ಬೇರೆ. ಪುರದಲ್ಲಿ ಮೊದಲು ಮನೆಮನೆಗೆ ಅಡುಗೆ ಅನಿಲ ಕೊಡುವ ಯೋಜನೆಯಿತ್ತು. ದನ ಬಯಲಲ್ಲಿ ಮೇಯುವುದರಿಂದ ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಅಷ್ಟಕ್ಕೆ ಸಾಲದು. ಅದಕ್ಕಿಂತ ಮುಖ್ಯವಾಗಿ, ದುಡ್ಡಿಲ್ಲದೆ ಸಿಗುವ ಸೌದೆಗೆ ಬದಲಿ ಬೇಕೆಂದು ಊರವರು ಕೇಳಿಯೇ ಇರಲಿಲ್ಲ; ಅವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ಯೋಜನೆಯನ್ನೇ ತಿರುಗಿಸಲಾಯಿತು. 1987ರಿಂದ ಅನಿಲ 5 ಕಿಲೋವಾಟ್‌ನ ಡೀಸೆಲ್ ಜನರೇಟರಿಗೆ ಹೋಯಿತು. ಅದರಿಂದ ಬೋರ್‌ವೆಲ್ ನೀರು ನಲ್ಲಿಗೆ, ಬೆಳಕು ಮನೆಗೆ. ಇಂಥ ಎಂಜಿನ್ನಿನಲ್ಲಿ ಅನಿಲ ಹೊತ್ತಿಕೊಳ್ಳಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಸಗಣಿ ಕಡಿಮೆ ಬಂದ ದಿನ ಅನಿಲ ಇಳಿದು ಡೀಸೆಲ್ ಖರ್ಚು ಏರುತ್ತದೆ.

ಹಾಗಾಗಿ ಸಗಣಿ ತರುವವರನ್ನು ಉಳಿಸಿಕೊಳ್ಳುವುದೇ ವಿನ್ಯಾಸದ ಜೀವಾಳ. ತಂದ ಸಗಣಿಯನ್ನು ತೂಗಿ, ಕಿಲೋಗೆ 2 ಪೈಸೆ ಕೊಡುತ್ತಿದ್ದರು. ಸಗಣಿ ಕೊಳೆತು ಅನಿಲವಾಗುವ ತೊಟ್ಟಿಯಿಂದ ಹೊರಬಂದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಕೊಟ್ಟ ಸಗಣಿಗೆ ತಕ್ಕ ಪಾಲು ಗೊಬ್ಬರ ಹಿಂತಿರುಗಿಸುತ್ತಿದ್ದರು. ಸಾರಜನಕ ಉಳಿದಿರುವುದರಿಂದ ರೈತನಿಗೆ ನಷ್ಟವಿಲ್ಲ. ಸಗಣಿ ಹೊತ್ತು ತರುತ್ತಿದ್ದವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಆ ಪೈಸೆಗಳು ಅವರ ಕೈಗೇ ಸೇರುತ್ತಿದ್ದವು.