ಪೀಸ್ ಬರೆದರೆ ಸಾಲದು, ದಿನವನ್ನೂ ಬರೆಯಿರಿ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಕೂಲಿ ಹೆಚ್ಚಾಗಿ ಪೀಸಿನ ಲೆಕ್ಕ. ಮೇಸ್ತ್ರಿಯ ಪುಸ್ತಕದಲ್ಲಿ ಹೆಸರು, ಪೀಸ್, ರೇಟು, ಅಡ್ವಾನ್ಸ್ ಎಲ್ಲ ಇರುತ್ತದೆ; ಯಾವ್ಯಾವ ದಿನ ಬಂದರು ಅನ್ನುವುದೊಂದೇ ಇರುವುದಿಲ್ಲ. ಬಟವಾಡೆಗೆ ಅದು ಬೇಕಾಗಿಲ್ಲ. ಬೇಕಾಗುವುದು ಕಾಯಿಲೆ ಬಿದ್ದಾಗ.

ಕಾಯಿಲೆ, ಹೆರಿಗೆ, ಗಾಯಕ್ಕೆ ಕೆಲಸಗಾರರಿಗೆ ನೆರವಾಗುವ ಸರ್ಕಾರಿ ವಿಮೆ ಇಎಸ್‌ಐ ಎಣಿಸುವುದು ದಿನವನ್ನು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಕಾಯಿಲೆ ರಜೆಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ.

ಈ ದಿನಗಳು ಕಳೆದುಹೋಗುವುದು ಯೂನಿಟ್‌ನವರು ಇಎಸ್‌ಐಗೆ ರಿಟರ್ನ್, ಅಂದರೆ ಯಾರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಎಂಬ ಲೆಕ್ಕ ತುಂಬುವಾಗ. ಹೊಲಿಯುವಾಕೆ ತಿಂಗಳಲ್ಲಿ 24 ದಿನ ಬಂದು 7,200 ರೂಪಾಯಿ ಗಳಿಸಿದಳು ಅನ್ನಿ. ದಿನಕ್ಕೆ 300 ಬಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಎಂದು ಕಾಣಬಾರದೆಂದು 12 ದಿನ, ದಿನಕ್ಕೆ 600 ಎಂದು ತುಂಬುತ್ತಾರೆ. ಮೊತ್ತ ತಾಳೆಯಾಯಿತು, ಮಾಲೀಕರ ಶೇ. 3.25, ಆಕೆಯ ಶೇ. 0.75 ವಂತಿಗೆಯೂ ಸರಿಹೋಯಿತು. ಆದರೆ 12ರಂತೆ ಆರು ತಿಂಗಳಿಗೆ 72 ದಿನ. ನಿಜಕ್ಕೂ ದುಡಿದದ್ದು 144. ಆರು ದಿನ ಕಡಿಮೆ ಬಿದ್ದು ಆಕೆಗೆ ಕಾಯಿಲೆ ರಜೆಯ ಒಂದು ರೂಪಾಯಿಯೂ ಬರುವುದಿಲ್ಲ. ಇದು ದೊಡ್ಡ ಅನ್ಯಾಯ. ಪೀಸಿಗೆ ದುಡಿಯುವವರಿಗೂ ಕನಿಷ್ಠ ವೇತನ ಅನ್ವಯಿಸುತ್ತದೆ; ಕಡಿಮೆ ಬಿದ್ದರೆ ಏರಿಸಬೇಕಾದದ್ದು ರೇಟು, ಅಳಿಸಬೇಕಾದದ್ದು ದಿನವಲ್ಲ.

ಪೀಸ್ ಪುಸ್ತಕದಲ್ಲೇ ತಾರೀಕು, ಬಂದ ಹೊತ್ತು, ಹೋದ ಹೊತ್ತು, ಸಹಿ ಎಂದು ನಾಲ್ಕು ಕಾಲಂ ಎಳೆಯಿರಿ. ಆಯಾ ದಿನವೇ ತುಂಬಿಸಿ. ಶನಿವಾರ ಕೂತು ನೆನಪಿನಿಂದ ಬರೆದ ಹಾಜರಿ ತಪಾಸಣೆಯಲ್ಲಿ ನಿಲ್ಲುವುದಿಲ್ಲ, ಎಲ್ಲ ಸಾಲೂ ಒಂದೇ ಪೆನ್ನು, ಒಂದೇ ಕೈ ಇರುತ್ತದೆ. ಮಾಲು ಮುಗಿದು ಮಧ್ಯಾಹ್ನ ಮನೆಗೆ ಹೋದ ದಿನವನ್ನೂ ಬಿಡಬೇಡಿ. ಕೆಲಸಗಾರರು ಪ್ರತಿ ಬಟವಾಡೆಗೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಲಿ. ವಂತಿಗೆ ಕಟ್ಟಲು ಮುಂದಿನ ತಿಂಗಳ 15 ಕೊನೆಯ ದಿನ. ಅದಾದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ಎಷ್ಟು ದಿನ ಬಿದ್ದಿದೆ ನೋಡಿ. ಹಣ ಬಿದ್ದಿದೆಯೇ ಎಂದಷ್ಟೇ ನೋಡಿ ಸುಮ್ಮನಾಗುವವರೇ ಹೆಚ್ಚು.

ಹೆರಿಗೆಯ 26 ವಾರದ ರಜೆ ಹಣಕ್ಕೆ ಹಿಂದಿನ ಎರಡು ಅವಧಿ ಸೇರಿ 70 ದಿನ ಸಾಕು.

ಕೆಲಸದಲ್ಲಾದ ಗಾಯಕ್ಕೆ ಈ ಲೆಕ್ಕವಿಲ್ಲ, ಮೊದಲ ದಿನದಿಂದಲೇ ರಕ್ಷಣೆ. ಬೆರಳಿಗೆ ಸೂಜಿ ಹೊಕ್ಕರೂ ಅಪಘಾತ ಪುಸ್ತಕದಲ್ಲಿ ಹೊತ್ತು, ಮಷಿನ್, ಕಂಡವರ ಹೆಸರು ಅದೇ ದಿನ ಬರೆಯಬೇಕು. ಗಾಯವಾದ ಮೇಲೆ ಇಎಸ್‌ಐ ನೋಂದಣಿಗೆ ಓಡಿದರೆ ಮೊದಲ ಪ್ರಶ್ನೆಯೇ, ಇವರು ಕೆಲಸಕ್ಕೆ ಸೇರಿದ್ದು ಯಾವಾಗ? ಆಗ ತೋರಿಸಲು ಹಾಜರಿ ಪುಸ್ತಕವೇ ಬೇಕು.