ಬುಟ್ಟಿ, ದಾರ, ಸ್ಕ್ಯಾಪುಲಾ: ಭುಜದ ಮಾದರಿ ಎಲ್ಲಿಗೆ ಬಂತು

ಬುಟ್ಟಿ, ರಟ್ಟು, ದಾರ ಸೇರಿಸಿ ನಾನು ಮಾಡುತ್ತಿರುವ ಭುಜದ ಮಾದರಿ ಕೊನೆಗೂ ತಿರುಗತೊಡಗಿದೆ. ಮೂರು ದಾರ ಒಟ್ಟಿಗೆ ಎಳೆದರೆ ರಟ್ಟಿನ ಸ್ಕ್ಯಾಪುಲಾ ಬುಟ್ಟಿಯ ಮೇಲೆ ಜಾರುತ್ತಾ ತಿರುಗುತ್ತದೆ, ಕೋಲಿನ ತೋಳು ನೆಟ್ಟಗೆ ಮೇಲೆ ಹೋಗುತ್ತದೆ. ಪಿಲಾಟೆಸ್ ಎಂಬ ವ್ಯಾಯಾಮ ಪದ್ಧತಿ ಹೇಳಿಕೊಡುವವರು, ಜಿಮ್ ಟ್ರೇನರ್‌ಗಳು, ಯೋಗದ ಟೀಚರ್‌ಗಳು ಎಲ್ಲರಿಗೂ ಇದನ್ನೊಮ್ಮೆ ತೋರಿಸಬೇಕು ಅನ್ನೋದು ನನ್ನ ಆಸೆ. ಎಲ್ಲಾ ತರಗತಿಗಳಲ್ಲೂ ಕೇಳಿಬರುವ ಮಾತೊಂದಿದೆ: "ಭುಜ ಕೆಳಗೆ, ಕಿವಿಯಿಂದ ದೂರ." ಕೈ ಪಕ್ಕದಲ್ಲಿದ್ದಾಗ ಸರಿ. ಆದರೆ ಕೈ ತಲೆಯ ಮೇಲೆ ಹೋಗುವಾಗ ಇದೇ ಮಾತು ಭುಜವನ್ನು ಅರ್ಧ ದಾರಿಯಲ್ಲೇ ತಡೆಯುತ್ತದೆ. ಬಾಯಲ್ಲಿ ಎಷ್ಟು ಹೇಳಿದರೂ ಇದು ಜನಕ್ಕೆ ನಾಟುವುದಿಲ್ಲ. ಅದಕ್ಕೇ ಈ ಮಾದರಿ.

ಹೊಸದಾಗಿ ಓದುತ್ತಿರುವವರಿಗೆ: ಬೆನ್ನಿನ ಮೇಲ್ಭಾಗದಲ್ಲಿ ಕೈಗೆ ಸಿಗುವ ಚಪ್ಪಟೆಯಾದ ತ್ರಿಕೋನದ ಮೂಳೆಯೇ ಸ್ಕ್ಯಾಪುಲಾ. ಎರಡನೇ ಪಕ್ಕೆಲುಬಿನಿಂದ ಸುಮಾರು ಏಳನೆಯದರವರೆಗೆ ಹರಡಿರುತ್ತದೆ. ಇಡೀ ತೋಳನ್ನು ಎದೆಗೂಡಿಗೆ ಮೂಳೆಯ ಮೂಲಕ ಜೋಡಿಸಿರುವುದು ಕಾಲರ್ ಬೋನ್ ಒಂದೇ. ಉಳಿದಿದ್ದೆಲ್ಲ ಸ್ನಾಯುಗಳ ಕೆಲಸ.

ಸಾಮಾನು ಹೀಗಿದೆ. ಎದೆಗೂಡಿಗೆ ಬಿದಿರಿನ ಬುಟ್ಟಿ, ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರದಿಂದ ತಂದದ್ದು. ಸ್ಕ್ಯಾಪುಲಾಕ್ಕೆ ಎರಡು ಪದರ ರಟ್ಟು. ಕಾಲರ್ ಬೋನ್‌ಗೆ ಬಿದಿರು ಕಡ್ಡಿ, ಎರಡೂ ತುದಿಯನ್ನು ಸಡಿಲವಾಗಿ ದಾರದಿಂದ ಕಟ್ಟಿದ್ದೇನೆ. ತೋಳಿಗೆ ಒಂದು ಕೋಲು, ಅದರ ತುದಿಗೆ ಟೇಬಲ್ ಟೆನಿಸ್ ಚೆಂಡು. ಬುಟ್ಟಿಯ ಬದಲು ಮರದ ಹಲಗೆ ಬಳಸಬಹುದಿತ್ತು, ಕೆಲಸವೂ ಸುಲಭ. ಆದರೆ ಬುಟ್ಟಿಯ ಉಬ್ಬಿನ ಮೇಲೆ ಸ್ಕ್ಯಾಪುಲಾ ಇಟ್ಟು ನೋಡಿ, ಅದು ಓರೆಯಾಗಿ ಮುಂದಕ್ಕೆ ಮುಖ ಮಾಡಿ ಕೂರುತ್ತದೆ. ನಮ್ಮ ಮೈಯಲ್ಲೂ ಹಾಗೇ, ಸುಮಾರು 30 ಡಿಗ್ರಿ. ಅದಕ್ಕೇ ಕೈಗಳನ್ನು ತೀರಾ ಪಕ್ಕಕ್ಕೆ ಎತ್ತುವುದಕ್ಕಿಂತ, ಕಣ್ಣಂಚಿಗೆ ಕಾಣುವಷ್ಟು ಮುಂದಕ್ಕೆ ತಂದು ಎತ್ತಿದರೆ ಹೆಚ್ಚಿನವರಿಗೆ ಹಾಯೆನಿಸುತ್ತದೆ. ಹಲಗೆಯ ಮೇಲೆ ಈ ವಿಷಯ ಕಾಣುತ್ತಲೇ ಇರಲಿಲ್ಲ.

ಇನ್ನು ಸ್ನಾಯುಗಳ ಬದಲಿಗೆ ಹಾಕಿರುವ ದಾರಗಳು. ಟ್ರಪೀಜಿಯಸ್ ಅಂದರೆ ಕುತ್ತಿಗೆಯಿಂದ ಬೆನ್ನಿನವರೆಗೆ ಹರಡಿರುವ ದೊಡ್ಡ ಸ್ನಾಯು. ಕೆಂಪು ದಾರ ಮೇಲಿನ ಟ್ರಪೀಜಿಯಸ್, ಕುತ್ತಿಗೆಯ ಕಡೆಯಿಂದ ಕಾಲರ್ ಬೋನ್‌ನ ಹೊರತುದಿಗೆ. ನೀಲಿ ದಾರ ಕೆಳಗಿನ ಟ್ರಪೀಜಿಯಸ್, ಬೆನ್ನಿನ ನಡುಭಾಗದ ಬೆನ್ನುಮೂಳೆಯಿಂದ ಓರೆಯಾಗಿ ಮೇಲಕ್ಕೆ, ಸ್ಕ್ಯಾಪುಲಾಕ್ಕೆ. ಹಸಿರು ದಾರ ಸೆರೇಟಸ್ ಆಂಟೀರಿಯರ್. ಇದು ಪಕ್ಕೆಯಲ್ಲಿ ಮೇಲಿನ ಎಂಟೊಂಬತ್ತು ಪಕ್ಕೆಲುಬುಗಳಿಂದ ಹೊರಟು, ಸ್ಕ್ಯಾಪುಲಾದ ಅಡಿಯಲ್ಲಿ ನುಸುಳಿ, ಬೆನ್ನುಮೂಳೆಯ ಕಡೆಯ ಅಂಚನ್ನು ಒಳಗಿನಿಂದ ಹಿಡಿಯುತ್ತದೆ. ಹಸಿರು ದಾರ ಪೂರಾ ಒಂದು ವಾರಾಂತ್ಯ ತಿಂದಿತು. ಬಿದಿರಿನ ಸಿಬಿರಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು, ರಟ್ಟು ಒಂದೇ ಕಡೆ ಜಗ್ಗುತ್ತಿತ್ತು. ಹಳೇ ಫೈಲ್‌ನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬುಟ್ಟಿಗೆ ಅಂಟಿಸಿದ ಮೇಲೆ ಸಲೀಸಾಯಿತು. ಮೈಯಲ್ಲಿ ಈ ಹಾಳೆಯ ಕೆಲಸವನ್ನು ಸ್ನಾಯುಗಳ ನಡುವಿನ ಸಡಿಲ ಪದರ ಮಾಡುತ್ತದೆ. ಅಲ್ಲಿ ಮೂಳೆಗೆ ಮೂಳೆ ಸೇರುವ ಕೀಲು ಇಲ್ಲವೇ ಇಲ್ಲ, ಬರೀ ಜಾರುವಿಕೆ.

ಈಗ ಆಟ ಶುರು. ಕೆಂಪು ಒಂದನ್ನೇ ಎಳೆದರೆ ಭುಜ ಕಿವಿಯ ಕಡೆ ಏರುತ್ತದೆ. ನೀಲಿ ಒಂದನ್ನೇ ಎಳೆದರೆ ಸ್ಕ್ಯಾಪುಲಾ ಕೆಳಗೆ, ಬೆನ್ನುಮೂಳೆಯ ಹತ್ತಿರಕ್ಕೆ ಇಳಿಯುತ್ತದೆ. ಹಸಿರು ಒಂದನ್ನೇ ಎಳೆದರೆ ಪಕ್ಕಕ್ಕೆ, ಮುಂದಕ್ಕೆ. ಮೂರನ್ನೂ ಒಟ್ಟಿಗೆ ಎಳೆಯಿರಿ. ಮೇಲಕ್ಕೆ ಎಳೆಯುವುದೂ ಕೆಳಕ್ಕೆ ಎಳೆಯುವುದೂ ಒಂದಕ್ಕೊಂದು ಕಳೆದುಹೋಗುತ್ತವೆ. ಒಳಕ್ಕೆ, ಹೊರಕ್ಕೆ ಎಳೆಯುವುದೂ ಅಷ್ಟೇ. ಉಳಿಯುವುದು ತಿರುಗುವಿಕೆ ಮಾತ್ರ! ಸ್ಕ್ಯಾಪುಲಾದ ಕೆಳತುದಿ ಕಂಕುಳ ಕಡೆ ಸರಿದು, ತೋಳು ಕೂರುವ ಗುಳಿ ಮೇಲಕ್ಕೆ ಮುಖ ಮಾಡುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಬೇಸರ ಬಂದಿಲ್ಲ.

ಕೋನಗಳಿಗೂ ಒಂದು ಲೆಕ್ಕ ಇದೆ. ಕೈ ಪೂರ್ತಿ ಎತ್ತಿದರೆ 180 ಡಿಗ್ರಿ ಅಂತೀವಲ್ಲ, ಅದರಲ್ಲಿ ಸುಮಾರು 120 ಚೆಂಡು ಮತ್ತು ಗುಳಿಯ ಕೀಲಿನಿಂದ, ಉಳಿದ 60 ಸ್ಕ್ಯಾಪುಲಾ ತಿರುಗುವುದರಿಂದ. 1944ರಲ್ಲಿ ಇನ್ಮನ್ ಎಂಬ ವೈದ್ಯ ಮತ್ತು ಸಂಗಡಿಗರು ಕೊಟ್ಟ ಎರಡಕ್ಕೊಂದು ಅನುಪಾತ ಇದು, ಇಂದಿಗೂ ಎಲ್ಲಾ ಕೋರ್ಸ್‌ಗಳಲ್ಲಿ ಹೇಳಿಕೊಡುತ್ತಾರೆ. ಅದನ್ನು ಗಡಿಯಾರದಷ್ಟು ಕರಾರುವಾಕ್ಕು ಅಂದುಕೊಳ್ಳಬಾರದು. ಮೊದಲ 30 ಡಿಗ್ರಿಯಲ್ಲಿ ಸ್ಕ್ಯಾಪುಲಾ ಅಷ್ಟಾಗಿ ಕದಲುವುದಿಲ್ಲ, ಜನರಿಂದ ಜನರಿಗೂ ವ್ಯತ್ಯಾಸ ಇರುತ್ತದೆ.

ನನ್ನ ಮಾದರಿಯಲ್ಲಿ ದಾರ ಎಳೆಯದೆ ಸುಮ್ನೆ ಕೋಲನ್ನು ಎತ್ತಿದರೆ ಚೆಂಡು ಮೇಲಿನ ಮೂಳೆಯ ಚಾಚಿಗೆ, ಅಂದರೆ ಅಕ್ರೋಮಿಯನ್‌ಗೆ, ತಾಗಿ ನಿಲ್ಲುತ್ತದೆ. ನೀಲಿ ದಾರವನ್ನು ಮಾತ್ರ ಬಿಗಿಯಾಗಿ ಹಿಡಿದು ಎತ್ತಿದರೆ ಇನ್ನೂ ಬೇಗ ತಾಗುತ್ತದೆ. "ಭುಜ ಕೆಳಗೆ" ಅಂತ ಕೂಗಿದಾಗ ಆಗುವುದು ಹೆಚ್ಚುಕಡಿಮೆ ಇದೇ.

ಈ ಮಾತು ಎಲ್ಲಿಂದ ಇಷ್ಟು ಹಬ್ಬಿತು? ನನ್ನ ಊಹೆ ಹೇಳುತ್ತೇನೆ. ಪಿಲಾಟೆಸ್ ಪದ್ಧತಿ ಹುಟ್ಟುಹಾಕಿದ ಜೋಸೆಫ್ ಪಿಲಾಟೆಸ್ ಅವರ 34 ಮ್ಯಾಟ್ ವ್ಯಾಯಾಮಗಳಲ್ಲಿ ಮೊದಲನೆಯದೇ ಹಂಡ್ರೆಡ್. ಅಲ್ಲಿ ಕೈಗಳು ಮೈ ಪಕ್ಕದಲ್ಲೇ ಉದ್ದಕ್ಕೆ ಚಾಚಿರುತ್ತವೆ, ಭುಜ ಇಳಿದಿದ್ದರೇ ಚೆಂದ. ಮೊದಲು ಕಲಿತ ಸೂಚನೆ ಬಾಯಿಗೆ ಅಂಟಿಕೊಂಡು ಉಳಿದ ವ್ಯಾಯಾಮಗಳಿಗೂ ಬಂದುಬಿಟ್ಟಿದೆ. ಪಾಪ, ಮೇಲಿನ ಟ್ರಪೀಜಿಯಸ್‌ಗೆ ಸುಮ್ನೆ ಕೆಟ್ಟ ಹೆಸರು. ಮಾದರಿಯಲ್ಲಿ ಕೆಂಪು ದಾರ ಬಿಚ್ಚಿಟ್ಟು ನೋಡಿ, ಭುಜದ ಹೊರತುದಿ ಜೋತುಬೀಳುತ್ತದೆ, ಸ್ಕ್ಯಾಪುಲಾ ನೆಟ್ಟಗೆ ತಿರುಗುವುದೇ ಇಲ್ಲ.

ಜೀವಂತ ಬೆನ್ನಿನ ಮೇಲೂ ನೋಡೋಣ ಅಂತ ತಂಗಿಯ ಸ್ಕ್ಯಾಪುಲಾದ ಕೆಳತುದಿಗೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿ ಮೊಬೈಲ್‌ನಲ್ಲಿ ವಿಡಿಯೋ ತೆಗೆದೆ. ಬಿಂದಿ ಸ್ವಲ್ಪವೇ ಸರಿಯಿತು, ಮೂಳೆ ಅದರ ಅಡಿಯಲ್ಲಿ ತುಂಬಾ ದೂರ ಹೋಗಿತ್ತು. ಚರ್ಮದ ಕೆಳಗೆ ಮೂಳೆ ಜಾರುವುದರಿಂದ ಹೀಗೆ. ಕ್ಯಾಮೆರಾ ಇಟ್ಟು ಚಲನೆ ಅಳೆಯುವ ಪ್ರಯೋಗಾಲಯಗಳಿಗೂ ಇದೇ ತಲೆನೋವು. ಹೆಬ್ಬೆರಳೇ ವಾಸಿ. ಕೆಳತುದಿಯ ಮೇಲೆ ಹೆಬ್ಬೆರಳು ಮೆತ್ತಗೆ ಇಟ್ಟು "ನಿಧಾನಕ್ಕೆ ಕೈ ಎತ್ತು" ಅಂದರೆ ಮೂಳೆ ಕಂಕುಳ ಕಡೆ ಸರಿಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಇಳಿಸುವಾಗ ಇನ್ನೂ ಗಮನ ಕೊಡಿ. ಸೆರೇಟಸ್‌ಗೆ ಹಿಡಿತ ಕಡಿಮೆ ಇದ್ದರೆ ಒಳಅಂಚು ಎದ್ದು ಕಾಣುವುದು ಹೆಚ್ಚಾಗಿ ಕೈ ಇಳಿಸುವಾಗಲೇ.

ಬುಟ್ಟಿಯನ್ನು ತರಗತಿಗೂ ಒಯ್ದೆ. ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನಡೆಯುವ ಬೆಳಗಿನ ಗುಂಪು, ಬಹುತೇಕ ಐವತ್ತು ದಾಟಿದ ಹೆಂಗಸರು. ಮೂರು ದಾರ ಎಳೆದು ತೋರಿಸಿದಾಗ ಒಬ್ಬರು ಕೇಳಿದರು, "ಹಾಗಾದ್ರೆ ಮೇಡಂ, ಭುಜ ಮೇಲೆ ಹೋದ್ರೆ ತಪ್ಪಲ್ವಾ?" ತಪ್ಪಲ್ಲ, ಹೋಗಲೇಬೇಕು. ಆಮೇಲೆ ನಾನು ಕೊಟ್ಟ ಸೂಚನೆ: "ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿ, ಪಕ್ಕೆಯೂ ಕೈ ಹಿಂದೆಯೇ ಬರಲಿ." ಹೆಚ್ಚಿನವರ ಕೈ ಅಲ್ಲೇ ಒಂದಿಷ್ಟು ಮೇಲೆ ಹೋಯಿತು. ಅಧೋಮುಖ ಶ್ವಾನಾಸನದಲ್ಲೂ ಇದನ್ನೇ ಹೇಳಿದೆ, ನೆಲವನ್ನು ದೂರ ತಳ್ಳಿ ಅಂತ. ತಳ್ಳುವಾಗ ಸೆರೇಟಸ್ ತಾನಾಗಿ ಎಚ್ಚರವಾಗುತ್ತದೆ. ಪುಷ್ ಅಪ್‌ನ ತುದಿಯಲ್ಲಿ ಕೊಡುವ ಇನ್ನೊಂದು ಚೂರು ತಳ್ಳು ಇದೆಯಲ್ಲ, ಅದೂ ಇದೇ ಸ್ನಾಯುವಿನ ಕೆಲಸ.

ಬುಟ್ಟಿಯನ್ನು ಮುಂದಕ್ಕೆ ಬಾಗಿಸಿಯೂ ತೋರಿಸಿದೆ. ಬೆನ್ನು ಗೂನಾಗಿದ್ದರೆ ಭುಜ ಎಷ್ಟೇ ಚೆನ್ನಾಗಿದ್ದರೂ ಕೈ ಕಿವಿಯ ಪಕ್ಕಕ್ಕೆ ಬರುವುದಿಲ್ಲ. ಕುರ್ಚಿಯಲ್ಲಿ ಕುಗ್ಗಿ ಕೂತು ಕೈ ಎತ್ತಿ, ಆಮೇಲೆ ನೆಟ್ಟಗೆ ಕೂತು ಎತ್ತಿ, ನಿಮಗೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಕೈ ಎತ್ತಲು ಶುರು ಮಾಡುತ್ತಲೇ ಭುಜ ಇಡಿಯಾಗಿ ಕಿವಿಗೆ ಏರಿದರೆ ಅದು ಬೇರೆ ಕಥೆ. ಚೆಂಡು ಮತ್ತು ಗುಳಿಯ ಕೀಲು ಬಿಗಿದುಕೊಂಡು ಸ್ಕ್ಯಾಪುಲಾ ಒಂದೇ ದುಡಿಯುತ್ತಿರಬಹುದು. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಫ್ರೋಜನ್ ಶೋಲ್ಡರ್ ಜಾಸ್ತಿ. ಮೊಣಕೈ ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೇಳಿ. ನೋಯುವ ಕೈ ಇನ್ನೊಂದಕ್ಕಿಂತ ತುಂಬಾ ಕಡಿಮೆ ತಿರುಗಿದರೆ ಎಳೆದಾಡಬೇಡಿ, ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿ. ಏನಾಗಿದೆ ಅಂತ ಹೇಳುವುದು ಅವರ ಕೆಲಸ.

ಮುಂದಿನದು ರೊಟೇಟರ್ ಕಫ್. ನಾಲ್ಕು ಸ್ನಾಯುಗಳು, ನಾಲ್ಕು ದಾರ. ಗುಳಿ ತುಂಬಾ ಚಿಕ್ಕದು, ಯಾವ ಹೊತ್ತಿನಲ್ಲೂ ಚೆಂಡಿನ ಹೆಚ್ಚುಕಡಿಮೆ ಕಾಲು ಭಾಗಕ್ಕಷ್ಟೇ ತಾಗಿರುತ್ತದೆ. ಹಾಗಾಗಿ ಚೆಂಡನ್ನು ನಡುಮಧ್ಯಕ್ಕೆ ಒತ್ತಿ ಹಿಡಿಯುವ ಈ ನಾಲ್ಕು ಇಲ್ಲದೆ ಮಾದರಿ ಅರ್ಧಂಬರ್ಧ. ಸದ್ಯ ಸಿಕ್ಕಿಬಿದ್ದಿರುವುದು ಸುಪ್ರಾಸ್ಪೈನೇಟಸ್ ಹತ್ತಿರ. ಅದು ಅಕ್ರೋಮಿಯನ್‌ನ ಅಡಿಯಲ್ಲಿ ಹಾದು ಬರಬೇಕು. ನಾನು ಕತ್ತರಿಸಿದ ರಟ್ಟಿನ ಚಾಚು ತೀರಾ ತಗ್ಗು, ದಾರ ತೂರುವಷ್ಟೂ ಜಾಗ ಇಲ್ಲ. ಇನ್ನೊಂದು ಪದರ ರಟ್ಟು ಅಂಟಿಸಿ ಎತ್ತರಿಸಬೇಕು, ಇಲ್ಲವೇ ದಾರ ಬಿಟ್ಟು ತೆಳುವಾದ ರಿಬ್ಬನ್ ಹಾಕಬೇಕು. ಮೊದಲು ರಿಬ್ಬನ್ ಹಾಕಿ ನೋಡುತ್ತೇನೆ.